ಮದುಮಗಳ ಕೋಣೆ

ತೆಂಕಣ ಹೊಳೆಯಿಂದ ಬಡಗಣ ಹೊಳೆಗೆ ಹೋಗುವ ಹಳೆಯ ದೋಣಿ ಕಾಲುವೆಯ ನಟ್ಟನಡುವೆ, ಎರಡು ಕಲ್ಲಿನ ಚೌಕಟ್ಟುಗಳ ಮಧ್ಯೆ ಒಂದು ದೋಣಿ ಹಿಡಿಯುವಷ್ಟು ಜಾಗವಿದೆ. ಸೂರಿಲ್ಲ, ನೆಲವಿಲ್ಲ, ಒಳಗೆ ಬರೀ ನೀರು. ಆದರೂ ಅದಕ್ಕೆ ಮದುಮಗಳ ಕೋಣೆ ಎಂದೇ ಹೆಸರು. ನೋಡಲು ಬಂದವರು ಮಂಚ ಎಲ್ಲಿ ಎಂದು ಕೇಳಿ ನಗುತ್ತಾರೆ. ನಗಲಿ, ನಮ್ಮ ಹಿರಿಯರು ಅದಕ್ಕಿಂತ ಹೆಚ್ಚು ನಗುವಂಥ ಕೆಲಸ ಮಾಡಿಟ್ಟಿದ್ದಾರೆ.

ಹಿಂದೆ ಒಮ್ಮೆ ಈ ಕಾಲುವೆ ಇರಲಿಲ್ಲ. ಉಪ್ಪು, ತೆಂಗಿನಕಾಯಿ ಹೇರಿದ ದೋಣಿಗಳು ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗಲು ಸಮುದ್ರಕ್ಕಿಳಿದು ಗುಡ್ಡವನ್ನು ಸುತ್ತಿ ಬರಬೇಕಿತ್ತು. ಹೊಳೆ ಕಡಲು ಸೇರುವ ಅಳಿವೆಯ ಅಲೆಗೆ ವರ್ಷಕ್ಕೆ ನಾಲ್ಕಾದರೂ ಮಗುಚುತ್ತಿದ್ದವು. ತೆಂಕಣ ದಡದ ಹಮ್ಮಣ್ಣ ನಾಯಕ ತನ್ನ ಮಗಳು ಸಾತುವನ್ನು ಬಡಗಣ ದಡದ ಬೊಮ್ಮಯ್ಯ ನಾಯಕನ ಮಗನಿಗೆ ಕೊಡಲು ಒಪ್ಪಿದಾಗ, ಮಗಳ ದೋಣಿ ಆ ಅಳಿವೆ ದಾಟಕೂಡದೆಂದು ಹಟ ಹಿಡಿದ. ಬೀಗರಿಬ್ಬರೂ ತಮ್ಮ ತಮ್ಮ ಕಡೆಯಿಂದ ಕಾಲುವೆ ಅಗೆಯುತ್ತ ಬಂದು ನಡುವೆ ಕೂಡುವುದೆಂದು ಮಾತಾಯಿತು. ಕಾಲುವೆಯ ತಳ ಹೊಳೆಯ ನೀರಿನ ಮಟ್ಟಕ್ಕಿಂತ ಒಂದಾಳು ಕೆಳಗಿರಬೇಕು, ಅಷ್ಟೇ ಲೆಕ್ಕ. ಹಮ್ಮಣ್ಣನ ಜನ ಚಿಪ್ಪಿ ಆಯುವವರು. ಅವರ ದಿನ ಶುರುವಾಗುವುದೇ ಇಳಿತದಲ್ಲಿ. ಅವರು ಇಳಿತದ ನೀರಿನ ಮಟ್ಟ ಹಿಡಿದು ಅಳತೆಯ ಗೂಟ ಹೊಡೆದರು. ಬೊಮ್ಮಯ್ಯನ ಜನ ದೋಣಿ ಹೇರುವವರು. ಉಬ್ಬರ ಬಾರದೆ ದಡದ ಮುಖ ನೋಡುವವರಲ್ಲ. ಅವರು ಉಬ್ಬರದ ನೀರಿಗೆ ಗೂಟ ಹೊಡೆದರು. ಎರಡು ವರ್ಷ ಅಗೆದು ನಡುವೆ ಕೂಡಿದಾಗ ಬಡಗಣದವರ ಕಾಲು ತೆಂಕಣದವರ ತಲೆಯ ಮಟ್ಟದಲ್ಲಿತ್ತು ಎನ್ನುತ್ತಾರೆ.

ಮದುವೆಗೆ ತಿಂಗಳಷ್ಟೇ ಉಳಿದಿತ್ತು. ತಪ್ಪು ಯಾರದೆಂದು ದಿನವಿಡೀ ಪಂಚಾಯಿತಿ ನಡೆಯಿತೇ ಹೊರತು ಯಾರೂ ಮತ್ತೆ ಗುದ್ದಲಿ ಮುಟ್ಟಲಿಲ್ಲ. ಸಾತು ಚಿಕ್ಕಂದಿನಿಂದ ಹೊಳೆಯಂಚಿನ ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ಹಲಗೆಯ ಕದ ಇಳಿಸಿ ಏರಿಸಿ ಬೆಳೆದವಳು. ಅವಳು ತಾಯಿಯ ಬಾಯಲ್ಲಿ ಹೇಳಿಸಿದಳು: ಬಡಗಣದ ಬಾಯಿಗೆ ಒಂದು ಕದ ಹಾಕಿ ಉಬ್ಬರದ ನೀರನ್ನು ಹಿಡಿದಿಡಿ, ನಡುವಿನ ಮೆಟ್ಟಿಲಿಗೆ ಒಂದು ದೋಣಿಯಷ್ಟು ಜಾಗ ಬಿಟ್ಟು ಎರಡು ಕದ ಹಾಕಿ. ದೋಣಿ ಒಳಗೆ ಬಂದ ಮೇಲೆ ಕೆಳಗಿನದು ಮುಚ್ಚಿ ಮೇಲಿನದು ಎತ್ತಿದರೆ ನೀರೇ ದೋಣಿಯನ್ನು ಏರಿಸುತ್ತದೆ. ಯಾರೂ ತಪ್ಪೊಪ್ಪಬೇಕಿಲ್ಲವೆಂದು ಬೀಗರಿಬ್ಬರಿಗೂ ಇದು ಹಿಡಿಸಿತು. ಕೆಳಗಿನ ಕದ ಹಮ್ಮಣ್ಣನದು, ಮೇಲಿನದು ಬೊಮ್ಮಯ್ಯನದು ಎಂದಾಯಿತು.

ಮದುವೆಯ ದಿನ ಇಳಿತದ ಹೊತ್ತಿಗೆ ಮದುಮಗಳ ದೋಣಿ ಒಳಗೆ ಬಂತು. ಹಮ್ಮಣ್ಣ ಹಿಂದಿನ ಕದ ಮುಚ್ಚಿದ. ಮುಂದಿನದು ಮಾತ್ರ ಏಳಲಿಲ್ಲ. ಅದರ ಪಕ್ಕದ ಕಲ್ಲಿನ ಮೇಲೆ ಜರಿಪೇಟ ಕಟ್ಟಿ ನಿಂತಿದ್ದ ಬೊಮ್ಮಯ್ಯ, ತನ್ನ ನೀರು ಕೆಳಗಿಳಿಯಬೇಕಾದರೆ ಬೀಗರು ಮೊದಲು ಹತ್ತು ಜನರೆದುರು ತಮ್ಮ ಅಳತೆ ತಪ್ಪೆಂದು ಒಪ್ಪಲಿ ಎಂದ. ಹಮ್ಮಣ್ಣ ಮೀಸೆ ತಿರುವುತ್ತ ಆಕಾಶ ನೋಡಿದ. ದೋಣಿ ತಾನೇ ಏರಲೆಂದು ಉಬ್ಬರಕ್ಕೆ ಕಾದರೆ ಮುಹೂರ್ತ ಕಳೆಯುತ್ತಿತ್ತು. ಅದು ತಪ್ಪಿದರೆ ಆ ವರ್ಷ ಬೇರೆ ಮುಹೂರ್ತವೇ ಇರಲಿಲ್ಲ. ಮೇಲಿನ ದಡದ ಮದುವೆ ಚಪ್ಪರದಲ್ಲಿ ಭಟ್ಟರು ಹೊತ್ತು ಅಳೆಯಲು ನೀರಲ್ಲಿ ತೇಲಿಬಿಟ್ಟ ಗಳಿಗೆಬಟ್ಟಲು ಮುಕ್ಕಾಲು ಮುಳುಗಿತ್ತು. ಎರಡು ಕದಗಳ ನಡುವಿನ ಹೊಂಡದೊಳಗೆ ಬಾಸಿಂಗ ಕಟ್ಟಿಕೊಂಡು ಕೂತಿದ್ದ ಸಾತುವಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಗೆದ್ದಿತು. ಅವಳು ಎದ್ದು ದೋಣಿಯ ಗಳ ಕೈಗೆತ್ತಿಕೊಂಡಳು.

“ಅಪ್ಪಾ, ನಿಮ್ಮ ಅಳತೆನೂ ಸರಿ, ಮಾವನ ಅಳತೆನೂ ಸರಿ. ನೀರೇ ದಿನಕ್ಕೆ ಎರಡು ಸಲ ಮಾತು ಬದಲಸ್ತದೆ. ನಂಗೆ ಹೊತ್ತಾತು” ಎಂದವಳೇ, ಮೇಲಿನ ಕದದ ಹಲಗೆಗೆ ಗಳದ ತುದಿ ಸಿಕ್ಕಿಸಿ ಎತ್ತಿಬಿಟ್ಟಳು. ನೀರು ಭೋರೆಂದು ಇಳಿಯಿತು, ದೋಣಿ ಏರಿತು. ಮೊದಲು ಬಾಸಿಂಗ, ಆಮೇಲೆ ಮುಖ, ಆಮೇಲೆ ತೊಪ್ಪೆಯಾಗಿ ನೆನೆದ ಇಡೀ ಮದುಮಗಳು ಮಾವನ ಕಾಲ ಬಳಿ ಬಂದು ನಿಂತಳು. ಬೊಮ್ಮಯ್ಯ ಹಿಂದೆ ಸರಿದು ದಾರಿ ಬಿಡಬೇಕಾಯಿತು. ಬಟ್ಟಲು ಮುಳುಗುವ ಮುಂಚೆ ಕೊರಳಿಗೆ ತಾಳಿ ಬಿತ್ತು.

ಬೀಗರು ಮಾತ್ರ ಸೋಲಲಿಲ್ಲ. ಮರುದಿನವೇ ಒಬ್ಬೊಬ್ಬರೂ ಕಲ್ಲಿನ ಮೇಲೆ ತಮ್ಮ ತಮ್ಮ ನೀರಿನ ಮಟ್ಟವನ್ನು ಗೆರೆ ಕೊರೆಸಿದರು. ಕದಗಳು ಕೊಳೆತು ಹೋದರೂ ಒಂದಾಳು ಅಂತರದ ಆ ಎರಡು ಗೆರೆಗಳು ಇಂದಿಗೂ ಇವೆ. ಇಳಿತದಲ್ಲಿ ನೀರು ಕೆಳಗಿನ ಗೆರೆಗೆ ನಿಂತಾಗ ಹಮ್ಮಣ್ಣನ ವಂಶದವರು ತೋರಿಸಿ ಬೀಗುತ್ತಾರೆ. ಉಬ್ಬರದಲ್ಲಿ ಬೊಮ್ಮಯ್ಯನ ಕಡೆಯವರ ಸರದಿ. ಸಾತು ಹಲಗೆ ಎತ್ತಿದ ಜಾಗದಲ್ಲಿ ಗೆರೆಯೂ ಇಲ್ಲ, ಹೆಸರೂ ಇಲ್ಲ. ಹಾದುಹೋಗುವ ದೋಣಿಯವರು ಗಳ ತಾಗಿಸಿ ಕೈಮುಗಿಯುವುದು ಮಾತ್ರ ಅಲ್ಲಿಗೇ.