ಗಂಡುಬಿದಿರಿನ ಗಾಳದ ಕೋಲು

"ಗುರುಗಳೇ, ಮತ್ತೆಂದೂ ಮುರಿಯದ ಹಾಗೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ?" ಎಂದು ಸಂಕಣ್ಣ ಕೇಳಿದ.

ಗುರು ಮಠದ ಜಗಲಿಯ ಮೇಲೆ ಕುಳಿತಿದ್ದರು. ಒಳಗಿನ ಪಡಸಾಲೆಯಲ್ಲಿ, ಬೆಳಿಗ್ಗೆ ಬಂದ ದಾರಿಹೋಕನೊಬ್ಬ ಜ್ವರದಿಂದ ಮಲಗಿದ್ದ. ಅವನನ್ನು ನೋಡಿಕೊಳ್ಳಲು ಗುರು ಸಂಕಣ್ಣನಿಗೆ ಹೇಳಿದ್ದರು. ಸಂಕಣ್ಣ ನೀರಿನ ತಂಬಿಗೆಯನ್ನು ಬಾಗಿಲವರೆಗೆ ತಂದು, ಒಳಗೆ ಹೋಗದೆ ಅಲ್ಲೇ ಇಟ್ಟುಬಿಟ್ಟಿದ್ದ. ಹೋದ ಮಳೆಗಾಲದಲ್ಲಿ ಅವನ ಜೊತೆಯ ಶಿಷ್ಯ ಮಾದಯ್ಯ ಇಂಥದೇ ಜ್ವರ ಬಂದು, ಸಂಕಣ್ಣನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಿದ್ದ. ಇನ್ನೊಬ್ಬರನ್ನು ಹಾಗೆ ಕಳೆದುಕೊಳ್ಳುವುದು ತನ್ನಿಂದಾಗದು ಎಂದು ಸಂಕಣ್ಣನಿಗೆ ಅನ್ನಿಸಿತ್ತು.

ಗುರು ತಂಬಿಗೆಯನ್ನು ನೋಡಿದರು. ಆಮೇಲೆ ಹೇಳತೊಡಗಿದರು.

ಒಬ್ಬ ಬೆಸ್ತನಿದ್ದ. ಬೆಟ್ಟದಿಂದ ಹೊಳೆ ಇಳಿಯುವ ಕಡೆ ಅವನ ಒಂಟಿ ಗುಡಿಸಲು. ಅಲ್ಲಿ ನೀರಿನ ಸೆಳೆತ ಜೋರು, ತಳವೆಲ್ಲ ಬಂಡೆ. ಬಲೆ ಬೀಸಿದರೆ ಹರಿದು ಕೈಗೆ ಬರುತ್ತದೆ. ಬೆಂಡು ಕಟ್ಟಿದ ಗಾಳ ತೇಲಿಕೊಂಡು ಎತ್ತಲೋ ಹೋಗುತ್ತದೆ. ಮೀನು ಇರುವುದು ತಳದಲ್ಲಿ, ಕಲ್ಲಿನ ಮರೆಯಲ್ಲಿ. ಅದು ಹುಳುವಿಗೆ ಬಾಯಿ ಹಾಕುತ್ತದೆ, ಮುಳ್ಳು ತಾಗಿದರೆ ಆ ಕ್ಷಣವೇ ಉಗಿಯುತ್ತದೆ. ಎಳೆದಾಡಿ ಸುದ್ದಿ ಕೊಡುವ ಪೈಕಿಯಲ್ಲ.

ಹಾಗಾಗಿ ಆ ಕಡೆಯ ಬೆಸ್ತರ ಗಾಳವೇ ಬೇರೆ ಥರ. ತೆಳ್ಳನೆಯ, ಬಳುಕುವ ವಾಟೆಬಿದಿರಿನ ಉದ್ದ ಕೋಲು. ನೀರಿನ ಸೆಳೆತಕ್ಕೆ ಸಿಗದಷ್ಟು ಸಣ್ಣ ದಾರ. ತಳ ಮುಟ್ಟಲು ಎಷ್ಟು ಬೇಕೋ ಅಷ್ಟೇ ಸೀಸದ ಗುಂಡು. ಗಾಳಕ್ಕೆ ಕಲ್ಲಿನಡಿ ಸಿಗುವ ನೀರುಹುಳು. ನೀರಿನ ಮೇಲೆ ಉಳಿಯುವ ದಾರಕ್ಕೆ ಒಂದು ಎಳೆ ಕೆಂಪು ನೂಲು ಕಟ್ಟುತ್ತಾರೆ, ಅಲುಗಿದರೆ ಕಣ್ಣಿಗೆ ಕಾಣಲಿ ಎಂದು. ದಾರವನ್ನು ಸಡಿಲ ಬಿಡದೆ ಹಿಡಿದು ನಿಂತರೆ, ತಳದಲ್ಲಿ ಮೀನು ಮುಟ್ಟಿದ್ದು ಮೇಲೆ ಬೆರಳಿಗೆ ಗೊತ್ತಾಗುತ್ತದೆ.

ಈ ಬೆಸ್ತನ ಕೋಲು ಅವನ ಅಪ್ಪ ಮಾಡಿದ್ದು. ಅಪ್ಪ ತೀರಿಕೊಂಡ ಮೇಲೆ ಅವನು ಅದನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಒಂದು ದಿನ ದೊಡ್ಡ ಮೀನೊಂದು ಗಾಳ ಕಚ್ಚಿ ಮಡುವಿನ ಕಡೆ ನುಗ್ಗಿತು. ಕೋಲು ಲಟಕ್ಕನೆ ಮುರಿಯಿತು. ತುದಿಯೂ ಹೋಯಿತು, ದಾರವೂ ಹೋಯಿತು, ಮೀನೂ ಹೋಯಿತು. ಮೊಣಕಾಲುದ್ದ ನೀರಿನಲ್ಲಿ ಮೋಟುಕೋಲು ಹಿಡಿದು ನಿಂತವನಿಗೆ, ಅಪ್ಪ ಇನ್ನೊಮ್ಮೆ ಸತ್ತಂತೆ ದುಃಖವಾಯಿತು. ಇನ್ನು ನನ್ನ ಕೈಯಲ್ಲಿ ಕೋಲು ಮುರಿಯಕೂಡದು ಎಂದು ಅವನು ಅಲ್ಲೇ ತೀರ್ಮಾನ ಮಾಡಿದ.

ಕಾಡಿಗೆ ಹೋಗಿ ಗಂಡುಬಿದಿರು ಕಡಿದು ತಂದ. ಒಳಗೆ ಟೊಳ್ಳಿಲ್ಲದ, ಸುಲಭಕ್ಕೆ ಬಾಗದ ಬಿದಿರು ಅದು. ಅಂಥ ಕೋಲಿಗೆ ಸಣ್ಣ ದಾರ ಏನು ಚೆಂದ ಎಂದು ದಪ್ಪ ಹುರಿ ಕಟ್ಟಿದ. ಹುರಿಯನ್ನು ನೀರು ಎಳೆದುಕೊಂಡು ಹೋಯಿತು. ಅದಕ್ಕೆ ಸೀಸದ ಗುಂಡನ್ನು ದೊಡ್ಡದು ಮಾಡಿದ. ಗುಂಡಿಗೆ ತಕ್ಕ ಹಾಗೆ ಗಾಳವೂ ದೊಡ್ಡದಾಯಿತು. ಕೆಂಪು ನೂಲು ಮಕ್ಕಳಾಟವೆಂದು ಬಿಟ್ಟೇಬಿಟ್ಟ. ಕೊನೆಗೆ ಕೋಲಿನ ತುದಿಗೆ ಕಲ್ಲು ಕಟ್ಟಿ ಎತ್ತಿ ನೋಡಿದ. ಕೋಲು ಮಿಸುಕಲಿಲ್ಲ. ಆನೆ ಕಚ್ಚಿದರೂ ಇದು ಮುರಿಯುವುದಿಲ್ಲ ಎಂದು ಹೆಂಡತಿಗೆ ತೋರಿಸಿದ. ಹೊಳೆಯಲ್ಲಿ ಆನೆ ಬಂದು ಗಾಳ ಕಚ್ಚುವುದಿಲ್ಲವಲ್ಲ ಎಂದು ಆಕೆ ನಕ್ಕಳು. ಆಕೆಗೆ ಆಗ ದಿನ ತುಂಬಿತ್ತು.

ಹೆರಿಗೆಯಾಯಿತು. ಹೆಣ್ಣುಮಗು. ಆದರೆ ತಾಯಿಯ ಎದೆಯಲ್ಲಿ ಹಾಲು ಇಳಿಯಲಿಲ್ಲ. ಮಗು ಅತ್ತು ಅತ್ತು ದನಿ ಕಳೆದುಕೊಂಡಿತು. ಸೂಲಗಿತ್ತಿ ಹೊರಗೆ ಬಂದಳು.

"ಬಾಣಂತಿ ಮೈಯಲ್ಲಿ ಏನೂ ಉಳಿದಿಲ್ಲ ಕಣಪ್ಪ. ಬಿಸಿಬಿಸಿ ಮೀನಿನ ಸಾರು ಹೊಟ್ಟೆಗೆ ಬಿದ್ರೆ ಹಾಲು ಇಳಿದೀತು. ಹೋಗು, ಹೊತ್ತು ಮಾಡಬೇಡ" ಎಂದಳು.

ಬೆಸ್ತ ಹೊಳೆಗೆ ಓಡಿದ. ಬೆಟ್ಟದ ನೆತ್ತಿಯಲ್ಲಿ ಮೋಡ ಕಟ್ಟಿತ್ತು. ಮೇಲೆ ಮಳೆ ಬಿದ್ದರೆ ಹೊಳೆ ಕೆಂಪಾಗಿ ಏರುತ್ತದೆ. ಆಮೇಲೆ ನೀರು ತಿಳಿಯಾಗುವವರೆಗೆ ಯಾರಿಗೂ ಮೀನಿಲ್ಲ. ಅವನು ಗಾಳ ಇಳಿಬಿಟ್ಟು ಕಾದ. ಎತ್ತಿ ನೋಡಿದರೆ ಹುಳು ಇರಲಿಲ್ಲ. ಹಾಳು ಏಡಿ ತಿಂದಿರಬೇಕು ಎಂದುಕೊಂಡು ಬೇರೆ ಹುಳು ಸಿಕ್ಕಿಸಿದ. ಅದೂ ಹೋಯಿತು. ಸೆಳೆತಕ್ಕೆ ಕಳಚಿರಬೇಕು ಎಂದುಕೊಂಡ. ಕಲ್ಲು ಮಗುಚಿ ಮತ್ತೆ ಹುಳು ಹುಡುಕಿದ. ನೀರಿನ ಸದ್ದಿನಲ್ಲೂ ಅವನಿಗೆ ಮಗುವಿನ ಅಳುವೇ ಕೇಳಿಸುತ್ತಿತ್ತು. ಅವನ ಕೈ ನಡುಗುತ್ತಿತ್ತು. ಕೋಲು ನಡುಗಲಿಲ್ಲ.

ಕೆಳಗಿನ ಬಂಡೆಯ ಮೇಲೆ ದೂರದ ಊರಿನ ಬೆಸ್ತನೊಬ್ಬ ವಾಟೆಕೋಲು ಹಿಡಿದು ನಿಂತಿದ್ದ. ಅವನ ಬುಟ್ಟಿಯಲ್ಲಿ ಮೀನು ಮಿಸುಕುತ್ತಿತ್ತು. ಬಹಳ ಹೊತ್ತಿನಿಂದ ಇವನನ್ನು ನೋಡುತ್ತಿದ್ದವನು ಕೊನೆಗೆ ತಡೆಯಲಾರದೆ ಹತ್ತಿರ ಬಂದ.

"ಅಣ್ಣಾ, ನಿನ್ನ ಗಾಳಕ್ಕೆ ಮೀನು ಬಾಯಿ ಹಾಕ್ತಾನೇ ಇದೆ. ನಿನಗೆ ತಿಳೀತಾ ಇಲ್ಲ."

"ಹಾಕಿದ್ರೆ ನನ್ನ ಕೈಗೆ ತಿಳಿಯಲ್ವೇನಪ್ಪ?"

"ಆ ಒನಕೆ ಹಿಡ್ಕೊಂಡ್ರೆ ಏನು ತಿಳಿಯುತ್ತೆ? ತಗೋ, ನನ್ನ ಕೋಲು ಹಿಡಿ."

ಬೆಸ್ತ ಆ ಕೋಲನ್ನು ನೋಡಿದ. ಅದು ಅಪ್ಪನ ಕೋಲಿನ ಹಾಗೇ ಇತ್ತು. ಗಾಳಿ ಬೀಸಿದರೂ ಅದರ ತುದಿ ಅಲುಗುತ್ತಿತ್ತು. ಲಟಕ್ಕೆಂದ ಆ ಸದ್ದು ನೆನಪಾಯಿತು. ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಬೇಡ. ಮುರಿಯುತ್ತೆ" ಎಂದ.

ಮನೆಯ ಸಂಗತಿ ಬಾಯಿ ಬಿಟ್ಟು ಹೇಳಿದ್ದರೆ ಆತ ಬುಟ್ಟಿಯನ್ನೇ ಕೊಟ್ಟುಬಿಡುತ್ತಿದ್ದನೇನೋ. ಹೇಳಹೊರಟರೆ ಅಳು ಬರುತ್ತದೆಂದು ಬೆಸ್ತ ಹೇಳಲಿಲ್ಲ. ಆತ ಮೋಡ ನೋಡಿ ತನ್ನ ಊರಿನ ದಾರಿ ಹಿಡಿದ.

ಬೆಸ್ತ ಒಬ್ಬನೇ ಉಳಿದ. ಹುಳು ಹೋಗುತ್ತಲೇ ಇತ್ತು. ಒಂದು ಸಲ ಅಂಗೈಗೆ ಏನೋ ಸೋಕಿದಂತಾಯಿತು. ನೀರಿರಬೇಕು ಎಂದು ಸುಮ್ಮನಾದ. ಅಷ್ಟರಲ್ಲಿ ಹೊಳೆ ಕದಡಿತು, ನೋಡನೋಡುತ್ತ ಕೆಂಪಾಯಿತು. ಕಾಲು ನಿಲ್ಲದಾದಾಗ ಅವನು ಕೋಲನ್ನು ಹೆಗಲಿಗೇರಿಸಿ ದಡ ಹತ್ತಿದ.

ಗುಡಿಸಲಿನ ಬಾಗಿಲಲ್ಲಿ ಸೂಲಗಿತ್ತಿ ನಿಂತಿದ್ದಳು. ಒಳಗಿನಿಂದ ಅಳು ಕೇಳಿಸುತ್ತಿರಲಿಲ್ಲ. ಆಕೆ ಅವನ ಖಾಲಿ ಬುಟ್ಟಿಯನ್ನು ನೋಡಿದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಗುರು ಅಷ್ಟಕ್ಕೇ ನಿಲ್ಲಿಸಿದರು. ಸಂಕಣ್ಣ ಕಾದ. ಅವರು ಮುಂದೆ ಹೇಳುವಂತೆ ಕಾಣಲಿಲ್ಲ.

"ಮಗು ಉಳಿಯಿತೇ ಗುರುಗಳೇ?" ಎಂದು ಕೇಳಿದ.

"ಮಗುವಿನ ವಿಚಾರ ನಿನಗೇಕೆ ಸಂಕಣ್ಣ, ಕೋಲಿನ ವಿಚಾರ ಕೇಳು, ಅದು ಇವತ್ತಿಗೂ ಮುರಿದಿಲ್ಲ" ಎಂದರು ಗುರು.

ಸಂಕಣ್ಣ ಎದ್ದು, ಬಾಗಿಲ ಬಳಿಯ ತಂಬಿಗೆ ಎತ್ತಿಕೊಂಡು ಒಳಗೆ ಹೋದ.