ಮೀನುಗಿಡುಗನ ಉಪವಾಸ

ಹಿನ್ನೀರಿನ ನಡುವಿನ ಒಣಮರದ ಮೇಲೆ ಎರಡು ಮೀನುಗಿಡುಗಗಳು ಸಂಸಾರ ಹೂಡಿದ್ದವು. ಹೆಣ್ಣು ಗೂಡಿನಲ್ಲಿ ಮರಿಗಳನ್ನು ಕಾಯುತ್ತಿತ್ತು. ಗಂಡು ಮೀನು ಹಿಡಿದು, ದಡದಲ್ಲಿ ಕೂತು ಅದರ ತಲೆಯನ್ನು ತಿಂದು, ಉಳಿದದ್ದನ್ನು ಗೂಡಿಗೆ ತರುತ್ತಿತ್ತು.

ಒಮ್ಮೆ ಬಿರುಗಾಳಿ ಎದ್ದು ನೀರು ಕದಡಿತು, ಮೀನು ಸಿಗುವುದೇ ಅಪರೂಪವಾಯಿತು. ತಂದದ್ದನ್ನೆಲ್ಲ ದೊಡ್ಡ ಮರಿಗಳೇ ಕಿತ್ತುಕೊಂಡು ತಿಂದವು, ಕಿರಿಯ ಮರಿ ಸೊರಗಿ ಮಲಗಿತು. ಅದನ್ನು ಕಂಡು ಗಂಡಿನ ಕರುಳು ಚುರುಕ್ಕೆಂದಿತು. "ಮಕ್ಕಳು ಹಸಿದಿರುವಾಗ ನನಗೇಕೆ ಪಾಲು?" ಎಂದುಕೊಂಡು, ಅಂದಿನಿಂದ ತಾನು ಏನೂ ಮುಟ್ಟದೆ ಇಡೀ ಮೀನನ್ನೇ ಹೊತ್ತು ತರತೊಡಗಿತು.

ಹೀಗೇ ಕೆಲದಿನ ನಡೆಯಿತು. ಒಂದು ಬೆಳಗ್ಗೆ ಒಳ್ಳೆಯ ಮೀನೇ ಸಿಕ್ಕಿತು. ಆದರೆ ಜೀವಂತ ಮೀನು ಉಗುರುಗಳ ನಡುವೆ ಒದ್ದಾಡಿತು, ಹಸಿದ ರೆಕ್ಕೆಗಳು ಸೋತವು, ಮೀನು ಗೂಡಿನ ಎದುರಲ್ಲೇ ಜಾರಿ ನೀರು ಸೇರಿತು. ಗಂಡು ಬಂದು ತಲೆ ತಗ್ಗಿಸಿ ಕೂತಿತು.

"ಉಪವಾಸ ಮಾಡುತ್ತಿದ್ದೀರಾ?" ಎಂದು ಹೆಣ್ಣು ಕೇಳಿತು.

"ಮಕ್ಕಳ ಬಾಯಿಯ ತುತ್ತನ್ನು ನಾನು ತಿನ್ನಲೇ?"

"ನಿಮ್ಮ ರೆಕ್ಕೆ ಸೋತರೆ ಅವರ ಬಾಯಿಗೆ ತುತ್ತೆಲ್ಲಿಂದ ಬರಬೇಕು? ನಿಮ್ಮ ಪಾಲನ್ನು ತಿಂದೇ ಬನ್ನಿ."

ಗಂಡು ಮತ್ತೆ ಹಾರಿತು. ಹೇಗೋ ಒಂದು ಮೀನು ಹಿಡಿದು, ಅದರ ತಲೆಯನ್ನು ಮನಸಾರೆ ತಿಂದಿತು. ಮಿಸುಕದ ಮೀನನ್ನು ಸಲೀಸಾಗಿ ಗೂಡಿಗೆ ತಲುಪಿಸಿ, ಅದೇ ಹುರುಪಿನಲ್ಲಿ ಇನ್ನೊಂದಕ್ಕೆ ಹೊರಟಿತು. ಅದು ಬರುವ ಹೊತ್ತಿಗೆ ದೊಡ್ಡ ಮರಿಗಳು ಹೊಟ್ಟೆ ತುಂಬಿ ತೂಕಡಿಸುತ್ತಿದ್ದವು. ಹೆಣ್ಣು ಎರಡನೆಯ ಮೀನನ್ನು ಸಣ್ಣಗೆ ಹರಿದು, ಅವಸರವಿಲ್ಲದೆ, ಒಂದೊಂದೇ ತುತ್ತಾಗಿ ಕಿರಿಯದಕ್ಕೆ ಉಣಿಸಿತು.