ಹೇಳದ ಗುಡ್ಡ

ಓರ್ಲಾ ದ್ವೀಪಕ್ಕೆ ಹಡಗಲ್ಲಿ ಬಂದವರಿಗೆ ಮೊದಲು ಕಾಣೋದು ನಮ್ಮ ಗುಡ್ಡ. ಬುಡದಲ್ಲಿ ಕಬ್ಬಿನ ತೋಟ, ನಡುವೆ ಕೆಂಪು ಬಂಡೆ, ತುದೀಲಿ ಯಾವಾಗಲೂ ಒಂದು ತುಂಡು ಮೋಡ. ರಸ್ತೆ ಬದಿಯ ಹಸಿರು ಬೋರ್ಡಲ್ಲಿ ‘ವಿಮೋಚನಾ ಶಿಖರ’ ಅಂತ ಬರೆದಿದೆ. ಸ್ಕೂಲಿನ ಹಳೇ ಭೂಪಟದಲ್ಲಿ ಇದು ‘ಮೌಂಟ್ ಹಾರ್ಲಿ’. ಅದಕ್ಕೂ ಹಳೇದರಲ್ಲಿ ಯಾವುದೋ ಫ್ರೆಂಚ್ ರಾಣಿಯ ಹೆಸರಿದೆ, ಅದಕ್ಕೂ ಹಿಂದೆ ಪೋರ್ಚುಗೀಸರ ಒಬ್ಬ ಸಂತನದು. ಹಡಗಿಂದ ಇಳಿದವರೆಲ್ಲ ಕಾಲಿನ ಮರಳು ಕೊಡವೋ ಮೊದಲೇ ಹೆಸರಿಟ್ಟುಬಿಡ್ತಿದ್ರು, ಇಲ್ಲಿ ಅಲ್ಲಿವರೆಗೂ ಏನೂ ಇರಲೇ ಇಲ್ಲ ಅನ್ನೋ ಹಾಗೆ. ಇಲ್ಲಿ ಇನ್ನೂ ಕನ್ನಡ ಮಾತಾಡೋ ಒಂದಷ್ಟು ಮನೆಯವರು ಮಾತ್ರ ಇದನ್ನ ‘ಹೇಳದ ಗುಡ್ಡ’ ಅಂತೀವಿ. ಯಾಕೆ ಅಂತ ನನಗೆ ಹೇಳಿದ್ದು ನಮ್ಮ ಹೊನ್ನಜ್ಜಿ. ಬೇರೆಯವರ ಮುಂದೆ ನಾನು ಇದನ್ನ ಹೇಳ್ತಿರೋದು ಇದೇ ಮೊದಲು.

ಹಿಂದೆ ಒಮ್ಮೆ, ಕೂಲಿಯವರನ್ನ ಕರಾರಿನ ಮೇಲೆ ಹಡಗಿಗೆ ತುಂಬಿಸಿ ತರ್ತಿದ್ದ ಕಾಲದಲ್ಲಿ, ಮೈಸೂರು ಸೀಮೆಯಿಂದ ಚೌಡಮ್ಮ ಅನ್ನೋಳು ಗಂಡನ ಜೊತೆ ಇಲ್ಲಿಗೆ ಬಂದ್ಲಂತೆ. ಗಂಡ ಕಲ್ಲು ಒಡೆಯೋದರಲ್ಲಿ ಪಳಗಿದೋನು. ಆಗ ಕೂಲಿಯವರ ಲೈನ್ ಮನೆಗಳಿಗೆ ಇದ್ದಿದ್ದು ಒಂದೇ ಬಾವಿ, ಅದೂ ಉಪ್ಪು ನೀರು. ಮಕ್ಕಳು ಹೊಟ್ಟೆ ಹಿಡ್ಕೊಂಡು ಸಾಯ್ತಿದ್ವು. ಗುಡ್ಡದ ಮೇಲೆ ಸಿಹಿನೀರಿನ ಒರತೆ ಇದೆ ಅಂತ ಗೊತ್ತಾದ ಮೇಲೆ ಇವನು ರಜದ ದಿನ ಎಲ್ಲ ಒಬ್ಬನೇ ಬಂಡೆ ಕೊರೆದು ಕಾಲುವೆ ಮಾಡೋಕೆ ಶುರು ಮಾಡಿದ. ದುಗ್ಗಪ್ಪ ಅಂತ ನಮ್ಮೋನೇ ಒಬ್ಬ ಮೇಸ್ತ್ರಿ ಇದ್ದ. “ಏನೋ, ಗುಡ್ಡ ನಿಮ್ಮಪ್ಪಂದೇನೋ?” ಅಂತ ಅವನು ಹಂಗಿಸಿದ್ದಕ್ಕೆ, “ಗುಡ್ಡ ಯಾರದಾದ್ರೂ ಆಗ್ಲಿ ಮೇಸ್ತ್ರಿ, ಬಾಯಾರಿಕೆ ನಮ್ಮದು” ಅಂದನಂತೆ. ನೀರು ಲೈನಿಗೆ ಬಂತು. ಮಾರನೇ ಮಳೆಗಾಲ ಕಾಲುವೇಲಿ ಸಿಕ್ಕಿಕೊಂಡಿದ್ದ ಕಲ್ಲು ತೆಗೆಯೋಕೆ ಹೋದಾಗ ಮೇಲಿಂದ ಬಂಡೆ ಜಾರಿ ಅವನು ಹೋಗಿಬಿಟ್ಟ. ಅವತ್ತಿಂದ ಜನ ಗುಡ್ಡವನ್ನ ಅವನ ಹೆಸರಲ್ಲೇ ಕರೆಯೋಕೆ ಶುರು ಮಾಡಿದ್ರು. ಇದು ತೋಟದ ದೊರೆ ಹಾರ್ಲಿಗೆ ಹಿಡಿಸಲಿಲ್ಲ ಅಂತಾರೆ.

ಕೆಲವು ವರ್ಷ ಆದ ಮೇಲೆ ದ್ವೀಪದ ನಕ್ಷೆ ಬರೆಯೋಕೆ ಅಳತೆಯವನು ಬಂದ. ಅವನು ಇದ್ದಿದ್ದರಲ್ಲಿ ನ್ಯಾಯಸ್ಥ, ಬುಡದಲ್ಲಿ ಇರೋರು ಏನಂತಾರೋ ಅದನ್ನೇ ಬರೀತೀನಿ ಅಂದ. ಗುಡ್ಡದ ಬುಡದಲ್ಲಿ ಇದ್ದಿದ್ದು ಚೌಡಮ್ಮನ ಗುಡಿಸಲೇ. ಅವಳನ್ನ ಕರೆಸಿದ್ರು. ಒಂದು ಪಕ್ಕ ಹಾರ್ಲಿ ನಿಂತಿದ್ದ, ಮಾತನ್ನ ಇಂಗ್ಲಿಷಿಗೆ ತಿರುಗಿಸಿ ಹೇಳೋಕೆ ದುಗ್ಗಪ್ಪ ಇದ್ದ, ಹಿಂದೆ ಲೈನಿನ ಜನ. ಹೆಂಡತಿ ಗಂಡನ ಹೆಸರು ಹೇಳಬಾರದು, ಹೇಳಿದ್ರೆ ಅವನ ಆಯುಸ್ಸು ಕಮ್ಮಿ ಆಗುತ್ತೆ ಅನ್ನೋದು ನಮ್ಮಲ್ಲಿ ಇದ್ದ ರೂಢಿ. ಹೇಳಲೇಬೇಕಾದಾಗ ಪಕ್ಕದಲ್ಲಿದ್ದವರು ಅವಳ ಪರವಾಗಿ ಹೇಳ್ತಿದ್ರು. ಸತ್ತೋನಿಗೆ ಇನ್ನೆಂಥಾ ಆಯುಸ್ಸು ಅಂತ ನಾನು ಅಜ್ಜಿನ ಕೇಳಿದ್ದಕ್ಕೆ, “ನಾಲಿಗೆಗೂ ಬೇಲಿ ಹಾಕಿರ್ತಾರೆ ಕಣೇ. ಒಳಗೆ ಹೊಲ ಒಣಗಿದ್ರೂ ಬೇಲಿ ನಿಂತಿರುತ್ತೆ” ಅಂದ್ಲು. ಚೌಡಮ್ಮ ಸೆರಗು ಎಳ್ಕೊಂಡು ದುಗ್ಗಪ್ಪನ ಕಡೆ ತಿರುಗಿ, “ಅಣ್ಣಾ, ನೀವೇ ಹೇಳಿ” ಅಂದ್ಲು. ದುಗ್ಗಪ್ಪ ಹಾರ್ಲಿಯ ಮುಖ ನೋಡಿದ. ಆಮೇಲೆ ಅಳತೆಯವನಿಗೆ ಇಂಗ್ಲಿಷಲ್ಲಿ, “ಇವಳಿಗೆ ಗೊತ್ತಿಲ್ಲವಂತೆ ದೊರೆ” ಅಂದ. ಲೈನಿನ ಒಬ್ಬಿಬ್ಬರಿಗೆ ಅಷ್ಟು ಇಂಗ್ಲಿಷ್ ಅರ್ಥ ಆಗ್ತಿತ್ತು. ಅವರೂ ನೆಲ ನೋಡ್ತಾ ನಿಂತ್ರು. ಅಳತೆಯವನು ಬರೆದ. ಅವನು ಬರೆಯೋದನ್ನ ನೋಡಿ ಚೌಡಮ್ಮ ಕೈ ಮುಗಿದ್ಲಂತೆ.

ತೋಟದ ಬಾಗಿಲಲ್ಲಿ ‘ಮೌಂಟ್ ಹಾರ್ಲಿ’ ಅಂತ ಹಲಗೆ ಎದ್ದ ಮೇಲೇ ಅವಳಿಗೆ ಗೊತ್ತಾಗಿದ್ದು. ದುಗ್ಗಪ್ಪನ ಮನೆಗೆ ಹೋಗಿ, “ಯಾಕಣ್ಣಾ ಹೀಗೆ ಮಾಡಿದಿರಿ?” ಅಂದ್ಲು. ಅವನು ಎಲೆಅಡಿಕೆ ಅಗೀತಾ, “ನನ್ನ ಕೇಳ್ತೀಯಲ್ಲ, ನಿನಗೆ ಬಾಯಿ ಇರಲಿಲ್ವಾ?” ಅಂದ. ಹಳೇ ಹೆಸರು ಎತ್ತಿದವರಿಗೆ ಆ ವಾರದ ಅಕ್ಕಿ ಇಲ್ಲ ಅಂತ ಹಾರ್ಲಿ ಅಪ್ಪಣೆ ಮಾಡಿದ್ದ. ಮಕ್ಕಳು ಬಾಯಿ ತಪ್ಪಿ ಅಂದಾಗ ತಾಯಂದಿರು ಬಾಯಿಗೆ ಕೈ ಅಡ್ಡ ಹಿಡಿದು, “ಶ್, ಅದು ಹೇಳದ ಗುಡ್ಡ” ಅಂತಿದ್ರು. ಕೊನೆಗೆ ಅದೇ ಹೆಸರಾಯ್ತು. ಚೌಡಮ್ಮನಿಗೆ ಮಕ್ಕಳಿರಲಿಲ್ಲ. ಅವಳೂ ಹೋದ್ಲು, ಗೊತ್ತಿದ್ದ ಮುದುಕರೂ ಹೋದ್ರು.

ದ್ವೀಪ ಸ್ವತಂತ್ರ ಆದ ಮೇಲೆ, ಪರಕೀಯರ ಹೆಸರು ಕಿತ್ತುಹಾಕ್ತೀವಿ, ನಿಮ್ಮ ಹೆಸರು ಕೊಡಿ ಅಂತ ಸರ್ಕಾರದವರು ಲೈನಿಗೇ ಬಂದ್ರು. ಚೌಡಮ್ಮನ ಗಂಡನ ಹೆಸರು ಮಾದ ಅಂತ ಒಬ್ಬರು, ಅಲ್ಲ ಕರಿಯ ಅಂತ ಇನ್ನೊಬ್ಬರು. ದುಗ್ಗಪ್ಪನ ಮರಿಮಗ ಎದ್ದು ನಿಂತು, ಕಾಲುವೆ ತೋಡಿಸಿದ್ದೇ ನಮ್ಮ ಮುತ್ತಜ್ಜ ಅಂದ. ಕೈ ಕೈ ಮಿಲಾಯಿಸೋ ತನಕ ಹೋಯ್ತು. ಬಂದ ಅಧಿಕಾರಿ ನಕ್ಕು ಜೀಪು ಹತ್ತಿದ. ವಿಮೋಚನೆ ಅಂತ ಹೆಸರು ರಾಜಧಾನಿಯಿಂದ ಬಂತು.

ಈಗ ಪ್ರವಾಸಿಗಳು ಕಾಲುವೆ ದಂಡೇಲಿ ಒಂದು ಶಾಸ್ತ್ರ ನೋಡ್ತಾರೆ. ಮದುವೆ ಆದ ಮಾರನೇ ದಿನ ನಮ್ಮ ಹೆಣ್ಣುಮಕ್ಕಳನ್ನ ಅಲ್ಲಿ ನಿಲ್ಲಿಸಿ, ಗುಡ್ಡಕ್ಕೆ ಕೇಳೋ ಹಾಗೆ ಗಂಡನ ಹೆಸರು ಕೂಗಿಸ್ತೀವಿ. ಹೋದ ತಿಂಗಳು ನಮ್ಮಕ್ಕನ ಸರದಿ. ಅವಳು ನಾಚಿಕೊಂಡು ಮೆಲ್ಲಗೆ “ತಿರುಮಲ” ಅಂದ್ಲು. ಹೊನ್ನಜ್ಜಿ ಕೋಲು ಕುಟ್ಟಿ, “ಅದೇನೇ ಸೊಳ್ಳೆ ದನಿ? ಹಾರ್ಲಿ ಗೋರೀಗೆ ಕೇಳಬೇಕು, ಕೂಗು!” ಅಂದ್ಲು. ಅಕ್ಕ ಕೂಗಿದ್ಲು. ಗುಡ್ಡ ಅದನ್ನ ಅಷ್ಟೇ ಜೋರಾಗಿ ವಾಪಸ್ ಕೂಗ್ತು. ಪ್ರವಾಸಿಗಳು ಚಪ್ಪಾಳೆ ತಟ್ಟಿದ್ರು, ಮೊಬೈಲಲ್ಲಿ ಹಿಡ್ಕೊಂಡ್ರು. ಅಜ್ಜಿ ಮಾತ್ರ ಇನ್ನೂ ಒಂದು ಹೆಸರು ಬರೋದಿದೆ ಅನ್ನೋ ಹಾಗೆ ಬಂಡೆ ಕಡೆ ಕಿವಿ ಕೊಟ್ಟು ನಿಂತಿದ್ಲು. ಆಮೇಲೆ ಬಗ್ಗಿ ಕಾಲುವೆಯಿಂದ ಒಂದು ಬೊಗಸೆ ನೀರು ಕುಡಿದು ಇಳಿದು ಹೋದ್ಲು.